100 ಎಂಬಿಪಿಎಸ್ ನೆಟ್ಟಿನಲ್ಲಿ ಸಿಗುವುದು 11 ಎಂಬಿ ಮಾತ್ರವೇ?

ನೆರೆಮನೆಯ ಹಿರಿಯರೊಬ್ಬರು ಕೆಲವು ದಿನಗಳ ಹಿಂದೆ ಸಿಟ್ಟಿನಲ್ಲೇ ನಮ್ಮಲ್ಲಿಗೆ ಬಂದರು. ಹೊಸದಾಗಿ ಹಾಕಿಸಿದ್ದ 100 ಎಂಬಿಪಿಎಸ್ ಫೈಬರ್ ನೆಟ್ಟಿನಲ್ಲಿ, ಕುವೈಟಿನಲ್ಲಿರುವ ಮಗಳು ಕಳುಹಿಸಿದ ವಿಡಿಯೋ ಇಳಿಸಿಕೊಳ್ಳುವಾಗ ಕಂಪ್ಯೂಟರ್ ಪರದೆಯ ಮೇಲೆ ಸೆಕೆಂಡಿಗೆ 11.3 ಎಂಬಿ ಎಂದು ಕಾಣಿಸಿತ್ತಂತೆ. "ನೂರು ಕೊಡುತ್ತೇವೆಂದು ಹೇಳಿ ಹನ್ನೊಂದು ಕೊಡುತ್ತಾರೆ, ಇದು ಮೋಸ ಅಲ್ವಾ ಮಾರಾಯ್ರೆ?" ಎಂಬುದು ಅವರ ಪ್ರಶ್ನೆ. ತಿಂಗಳಿಗೆ ಇನ್ನಷ್ಟು ಹಣ ಕೊಟ್ಟು 200ರ ಯೋಜನೆಗೆ ಬದಲಾಯಿಸಲು ಅವರು ಆಗಲೇ ನಿರ್ಧರಿಸಿಯಾಗಿತ್ತು. ನಿಜ ಹೇಳಬೇಕೆಂದರೆ ಅವರಿಗೆ ಮೋಸವಾಗಿರಲಿಲ್ಲ, ಸಿಗಬೇಕಾದ ವೇಗವೇ ಸಿಕ್ಕಿತ್ತು.

ಗೊಂದಲಕ್ಕೆ ಕಾರಣ 'ಬಿ' ಎಂಬ ಒಂದು ಅಕ್ಷರ. ಇಂಗ್ಲಿಷಿನಲ್ಲಿ ಬರೆಯುವಾಗ ಚಿಕ್ಕ ಬಿ ಎಂದರೆ ಬಿಟ್, ದೊಡ್ಡ ಬಿ ಎಂದರೆ ಬೈಟ್. ಕನ್ನಡದಲ್ಲಿ ಬರೆದರೆ ಎರಡೂ ಒಂದೇ ಬಿ ಆಗಿಬಿಡುತ್ತದೆ. ಎಂಟು ಬಿಟ್ ಸೇರಿದರೆ ಒಂದು ಬೈಟ್. ನಮ್ಮ ಶಂಕರಪುರ ಮಲ್ಲಿಗೆಗೆ ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ ಆಗುವಂತೆ ಇದು. ನೆಟ್ಟಿನವರು ಹೇಳುವುದು ಚೆಂಡಿನ ಲೆಕ್ಕ, ಕಂಪ್ಯೂಟರ್ ತೋರಿಸುವುದು ಅಟ್ಟೆಯ ಲೆಕ್ಕ. ಆದ್ದರಿಂದ ಯೋಜನೆಯಲ್ಲಿ ಬರೆದ ಸಂಖ್ಯೆಯನ್ನು ಎಂಟರಿಂದ ಭಾಗಿಸಬೇಕು. 100 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 12.5 ಎಂಬಿ, 40 ಎಂಬಿಪಿಎಸ್ ಎಂದರೆ 5 ಎಂಬಿ.

'ಬಿಟ್' ಎಂಬ ಪದವನ್ನು ಕ್ಲಾಡ್ ಶ್ಯಾನನ್ 1948ರ ತಮ್ಮ ಲೇಖನದಲ್ಲಿ ಬಳಸಿದರು. ಅದನ್ನು ಸೂಚಿಸಿದವರು ಜಾನ್ ಟೂಕಿ ಎಂದು ಅಲ್ಲಿಯೇ ಹೇಳಿದ್ದಾರೆ. 'ಬೈಟ್' ಬಂದದ್ದು 1956ರಲ್ಲಿ, ಐಬಿಎಂ ಕಂಪೆನಿಯ ವರ್ನರ್ ಬುಖೋಲ್ಜ್ ಅವರಿಂದ. ಆಗ ಒಂದು ಬೈಟಿಗೆ ಇಷ್ಟೇ ಬಿಟ್ ಎಂಬ ನಿಯಮವಿರಲಿಲ್ಲ, ಎಂಟು ಎಂಬುದು ನೆಲೆಯಾದದ್ದು ಆಮೇಲೆ. ತಂತಿಯಲ್ಲಿ ಸಾಗುವುದು ಒಂದರ ಹಿಂದೆ ಒಂದು ಬಿಟ್ ಆದುದರಿಂದ ಸಂಪರ್ಕ ಜಾಲದ ಇಂಜಿನಿಯರುಗಳು ಬಿಟ್‌ನಲ್ಲೇ ಎಣಿಸುತ್ತಾ ಬಂದರು. ಜಾಹೀರಾತಿನವರಿಗೂ ಅದು ಅನುಕೂಲವೇ, ಸಂಖ್ಯೆ ಎಂಟು ಪಟ್ಟು ದೊಡ್ಡದಾಗಿ ಕಾಣುತ್ತದಲ್ಲ!

ಹಾಗಾದರೆ 12.5ರ ಬದಲು 11.3 ಏಕೆ? ಪ್ರತಿಯೊಂದು ತುಣುಕು ಮಾಹಿತಿಯ ಜತೆಗೆ ಅದು ಎಲ್ಲಿಂದ ಎಲ್ಲಿಗೆ ಹೋಗಬೇಕೆಂಬ ವಿಳಾಸವೂ ಸಾಗುತ್ತದೆ. ಅಂಚೆಯಲ್ಲಿ ಪತ್ರದೊಂದಿಗೆ ಲಕೋಟೆಯ ತೂಕವೂ ಸೇರುವಂತೆ, ಇದಕ್ಕೆ ನೂರರಲ್ಲಿ ಸುಮಾರು ಐದು ಭಾಗ ಹೋಗುತ್ತದೆ. ಉಳಿಯುವುದು 11.9ರ ಆಸುಪಾಸು. ಇನ್ನೊಂದು ವ್ಯತ್ಯಾಸವೂ ಇದೆ. ನೆಟ್ಟಿನ ಲೆಕ್ಕದಲ್ಲಿ ಕಿಲೋ ಎಂದರೆ ಸರಿಯಾಗಿ 1000. ವಿಂಡೋಸ್ ಕಂಪ್ಯೂಟರಿನಲ್ಲಿ ಅದು 1024. ಒಂದು ಎಂಬಿ ಎಂದರೆ 1024ನ್ನು 1024ರಿಂದ ಗುಣಿಸಿದಷ್ಟು, ಅಂದರೆ 10,48,576 ಬೈಟ್. ಅಳತೆಯ ಪಾತ್ರೆ ದೊಡ್ಡದಾದರೆ ಎಣಿಕೆ ಕಡಿಮೆಯಾಗುವುದು ಸಹಜ, 11.9 ಇದ್ದದ್ದು 11.3 ಆಗುತ್ತದೆ. ಈ ಗೊಂದಲ ನಿವಾರಿಸಲೆಂದು 1998ರಲ್ಲಿ ಅಂತಾರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗವು 1024ರ ಲೆಕ್ಕಕ್ಕೆ ಕಿಬಿಬೈಟ್, ಮೆಬಿಬೈಟ್ ಎಂಬ ಬೇರೆ ಹೆಸರುಗಳನ್ನೇ ಕೊಟ್ಟಿತು. ಅಂಗಡಿಯಲ್ಲಿ ಆ ಹೆಸರು ಹೇಳಿದರೆ ಮಾತ್ರ ನಿಮ್ಮ ಮುಖ ನೋಡುತ್ತಾರೆ.

ಹಳೆಯ ದಿನಗಳನ್ನು ನೆನೆದರೆ ಈ ಲೆಕ್ಕ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಕಿರ್ರೆಂದು ಸದ್ದು ಮಾಡುತ್ತಿದ್ದ 56 ಕೆಬಿಪಿಎಸ್ ಮೋಡೆಮ್ ಹೆಚ್ಚೆಂದರೆ ಸೆಕೆಂಡಿಗೆ 7 ಕೆಬಿ ತರಬಲ್ಲದಾಗಿತ್ತು. 5 ಎಂಬಿಯ ಒಂದು ಹಾಡಿಗೆ ಹನ್ನೆರಡು ನಿಮಿಷ, ಅದೂ ನಡುವೆ ಫೋನು ಬಾರದಿದ್ದರೆ. 2004ರಲ್ಲಿ ಭಾರತ ಸರಕಾರದ ನೀತಿಯಲ್ಲಿ 256 ಕೆಬಿಪಿಎಸ್ ಇದ್ದರೆ ಅದನ್ನು ಬ್ರಾಡ್‌ಬ್ಯಾಂಡ್ ಎಂದು ಕರೆಯಲಾಯಿತು. ಎಂಟರಿಂದ ಭಾಗಿಸಿ ನೋಡಿ, ಸೆಕೆಂಡಿಗೆ ಬರೇ 32 ಕೆಬಿ! ಒಂದು ಸಿಡಿಯಷ್ಟು, ಅಂದರೆ 700 ಎಂಬಿ ಇಳಿಸಲು ಆರು ಗಂಟೆಗೂ ಹೆಚ್ಚು ಸಮಯ. 2023ರಲ್ಲಿ ಈ ಮಿತಿಯನ್ನು 2 ಎಂಬಿಪಿಎಸ್‌ಗೆ ಏರಿಸಲಾಯಿತು.

ಇದೇ ಭಾಗಾಕಾರ ನಿಜವಾದ ಕೊರತೆಯನ್ನೂ ಹಿಡಿದುಕೊಡುತ್ತದೆ. 100ರ ಯೋಜನೆಯಲ್ಲಿ ಪರದೆಯ ಮೇಲೆ ಸೆಕೆಂಡಿಗೆ 3 ಎಂಬಿ ಮಾತ್ರ ಬಂದರೆ ಎಂಟರಿಂದ ಗುಣಿಸಿ. 24 ಎಂಬಿಪಿಎಸ್ ಆಯಿತು. ಆಗ ಮೊದಲು ಪೆಟ್ಟಿಗೆಗೆ ನೇರ ತಂತಿ ಜೋಡಿಸಿ ಪರೀಕ್ಷಿಸಬೇಕು, ಏಕೆಂದರೆ ಎರಡು ಕೆಂಪುಕಲ್ಲಿನ ಗೋಡೆ ದಾಟುವಷ್ಟರಲ್ಲಿ ವೈಫೈ ಸೊರಗಿರುತ್ತದೆ. ತಂತಿಯಲ್ಲೂ ಅಷ್ಟೇ ಬಂದರೆ ಧಾರಾಳವಾಗಿ ದೂರು ಕೊಡಿ.

ಮೊಬೈಲಿನಲ್ಲಿ ಹಲವು ಯೋಜನೆಗಳು ದಿನದ ಪಾಲು ಮುಗಿದ ಮೇಲೆ ವೇಗವನ್ನು 64 ಕೆಬಿಪಿಎಸ್‌ಗೆ ಇಳಿಸುತ್ತವೆ. ಅಂದರೆ ಸೆಕೆಂಡಿಗೆ 8 ಕೆಬಿ. 4 ಎಂಬಿಯ ಒಂದು ಫೋಟೋಗೆ ಎಂಟು ನಿಮಿಷ ಮೀರುತ್ತದೆ. 'ಅನಿಯಮಿತ' ಎಂಬ ಮಾತಿನ ಬೆಲೆ ಅಷ್ಟು.

ಹಿರಿಯರು ಯೋಜನೆ ಬದಲಾಯಿಸಲಿಲ್ಲ. ಆದರೆ ಅವರಿಗೆ ಇನ್ನೊಂದು ಕೆಲಸವಿತ್ತು: ಮಗನ ಮದುವೆಗೆ ಬರಲಾಗದ ಮಗಳಿಗೆ 4 ಜಿಬಿಯ ವಿಡಿಯೋ ಕಳುಹಿಸಬೇಕಿತ್ತು. ಕಳುಹಿಸುವ ವೇಗ ಬೇರೆಯೇ ಇರಬಹುದೆಂದು ಹೇಳಿ ಚೀಟಿ ತರಿಸಿ ನೋಡಿದೆವು. ಅದರಲ್ಲಿ 10 ಎಂಬಿಪಿಎಸ್ ಎಂದಿತ್ತು. ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ 1.25 ಎಂಬಿ, ಒಟ್ಟು 3200 ಸೆಕೆಂಡು, ಹತ್ತಿರ ಹತ್ತಿರ ಒಂದು ಗಂಟೆ. ರಾತ್ರಿ ಊಟಕ್ಕೆ ಮೊದಲು ಹಾಕಿದರು. ಮಲಗುವ ಹೊತ್ತಿಗೆ ಕುವೈಟಿನಿಂದ ಫೋನು ಬಂದಿತ್ತು.