ಬೇಗ ನಿದ್ದೆ ಬರಲೆಂದು ತಡವಾಗಿ ಮಲಗಿಸುವುದು

ಒಂಬತ್ತಕ್ಕೇ ದೀಪ ಆರಿಸಿ, ತಟ್ಟಿ, ಲಾಲಿ ಹಾಡಿ, ಗದರಿ, ಕೊನೆಗೆ ಕೈಮುಗಿದರೂ ಮಗು ಹನ್ನೊಂದರವರೆಗೆ ಹಾಸಿಗೆಯ ಮೇಲೆ ಕುಪ್ಪಳಿಸುತ್ತಲೇ ಇರುತ್ತದೆ. ಆಟಿಸಂ ಇರುವ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಒಂದಲ್ಲ ಒಂದು ಬಗೆಯ ನಿದ್ದೆಯ ತೊಂದರೆ. ನೆಂಟರು ಇದನ್ನು ಹಟ ಎನ್ನುತ್ತಾರೆ, ಅಮ್ಮನ ಮುದ್ದು ಹೆಚ್ಚಾಯಿತು ಎನ್ನುತ್ತಾರೆ. ಎರಡೂ ಅಲ್ಲ. ಇಂಥ ಕೆಲವು ಮಕ್ಕಳಲ್ಲಿ, ಕತ್ತಲಾದಂತೆ ಏರಬೇಕಾದ ಮೆಲಟೋನಿನ್ ಹಾರ್ಮೋನಿನ ಲಯವೇ ಬೇರೆ. ನಾವು ಕೇಳಿಯೂ ಕೇಳದ ಫ್ಯಾನಿನ ಟಕಟಕ, ಅಂಗಿಯ ಕತ್ತಿನ ಲೇಬಲ್ಲು ಅವರನ್ನು ಕೆರಳಿಸಬಹುದು. ಅಜ್ಜಿ ಆಕಳಿಸಿದ್ದು, ಅಪ್ಪ ಚಿಲಕ ಹಾಕಿದ್ದು ನೋಡಿಯೇ ಬೇರೆ ಮಕ್ಕಳು ಮಲಗುವ ಹೊತ್ತಾಯಿತೆಂದು ತಿಳಿಯುತ್ತಾರೆ. ಈ ಮಗುವಿಗೆ ಅದನ್ನು ಚಿತ್ರ ಬರೆದು ಗೋಡೆಗೆ ಅಂಟಿಸಿಯೇ ಹೇಳಬೇಕಾದೀತು: ಹಲ್ಲುಜ್ಜುವುದು, ಕಥೆ, ದೀಪ ಆರಿಸುವುದು. ದಿನವೂ ಅದೇ ಸಾಲು.

ಔಷಧಿಯಿಲ್ಲದ ಉಪಾಯಗಳಲ್ಲಿ ನನಗೆ ತುಂಬ ಹಿಡಿಸಿದ್ದು ತಲೆಕೆಳಗಾಗಿ ಕಾಣುವ ಒಂದು. ಮಗು ನಿಜಕ್ಕೂ ನಿದ್ದೆ ಹೋಗುವುದು ಹನ್ನೊಂದಕ್ಕೇ? ಹಾಗಾದರೆ ಕೆಲವು ದಿನ ಹನ್ನೊಂದಕ್ಕೇ ಮಲಗಿಸಿ. ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡಿನೋಸಿನ್ ಎಂಬ ರಾಸಾಯನಿಕ ಸೇರುತ್ತಾ ನಿದ್ದೆಯ ಒತ್ತಡ ಹೆಚ್ಚಿಸುತ್ತದೆ. ಆ ಒತ್ತಡ ತುಂಬಿದಾಗ ಮಲಗಿದರೆ ಹತ್ತಿಪ್ಪತ್ತು ನಿಮಿಷದಲ್ಲಿ ಕಣ್ಣು ಮುಚ್ಚೀತು. ಎರಡು ತಾಸು ಹೊರಳಾಡಿದ ಹಾಸಿಗೆ ಮಗುವಿನ ಪಾಲಿಗೆ ಕುಸ್ತಿಯ ಅಖಾಡ. ಆ ನಂಟು ಮೊದಲು ಕಡಿಯಬೇಕು. ಆಮೇಲೆ ಎರಡು ಮೂರು ದಿನಕ್ಕೊಮ್ಮೆ ಮಲಗುವ ಹೊತ್ತನ್ನು 15 ನಿಮಿಷ ಬೇಗಕ್ಕೆ ಸರಿಸುತ್ತಾ ಬನ್ನಿ. ಏಳುವ ಹೊತ್ತು ಮಾತ್ರ ಭಾನುವಾರವೂ ಬದಲಾಗಕೂಡದು. ಇಲ್ಲಿ ಸಡಿಲ ಬಿಟ್ಟರೆ ಉಳಿದದ್ದೆಲ್ಲ ನೀರಿನಲ್ಲಿ ಹೋಮ.

ಅದಕ್ಕೂ ಮೊದಲು ವೈದ್ಯರಲ್ಲಿಗೆ ಹೋಗಿಬನ್ನಿ. ಮಲಬದ್ಧತೆ, ಗೊರಕೆ, ಮೂರ್ಛೆರೋಗ, ಕಬ್ಬಿಣದಂಶದ ಕೊರತೆ ಇವೆಲ್ಲ ನಿದ್ದೆ ಕೆಡಿಸುತ್ತವೆ, ಮಾತು ಬಾರದ ಮಗು ಹೊಟ್ಟೆನೋವನ್ನೂ ಹೇಳಲಾರದು.

ನಿದ್ದೆ ಬರಿಸಲೆಂದು ಅಂಗಡಿಯಲ್ಲಿ ಮಾರುವ ಭಾರದ ಹೊದಿಕೆ? 2014ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ 67 ಮಕ್ಕಳಿಗೆ ಹೊದಿಸಿ ನೋಡಿದರು. ಮಕ್ಕಳು ಮೆಚ್ಚಿದರು, ನಿದ್ದೆಯ ಅವಧಿ ಮಾತ್ರ ಹೆಚ್ಚಲಿಲ್ಲ. ಅದೇ ವರ್ಷ ಅಮೆರಿಕದ ಬೆತ್ ಮ್ಯಾಲೋ ತಂಡ 80 ಮಕ್ಕಳ ತಂದೆತಾಯಿಯರನ್ನು ಕೂರಿಸಿ ಮಲಗಿಸುವ ಕ್ರಮ ಕಲಿಸಿತು. ನಿದ್ದೆ ಹತ್ತಲು ಬೇಕಾದ ಸರಾಸರಿ ಹೊತ್ತು 58 ನಿಮಿಷದಿಂದ 40ರ ಆಸುಪಾಸಿಗೆ ಇಳಿಯಿತು. ಅದಕ್ಕೂ ಮುಂಚೆ ಬರೀ ಕರಪತ್ರ ಕೊಟ್ಟು ನೋಡಿದಾಗ ಅಂಥ ಫಲ ಸಿಕ್ಕಿರಲಿಲ್ಲ. (ಲೇಖನ ಬರೆಯುವವನು ಇದನ್ನು ನೆನಪಿಡಬೇಕು.)

ಇನ್ನು ನಡುರಾತ್ರಿಯ ಎಚ್ಚರ. ನಿದ್ದೆಯ ಒಂದು ಸುತ್ತಿನಿಂದ ಇನ್ನೊಂದಕ್ಕೆ ಜಾರುವಾಗ ಎಲ್ಲರೂ ಅರೆಕ್ಷಣ ಎಚ್ಚರಾಗುತ್ತೇವೆ. ಕಣ್ಣು ಮುಚ್ಚುವಾಗ ಇದ್ದದ್ದು ಆಗಲೂ ಇದ್ದರೆ ಮತ್ತೆ ಮಲಗುತ್ತೇವೆ. ಹಾಗೆಂದು ಮಗುವನ್ನು ಬೇರೆ ಕೋಣೆಯಲ್ಲಿ ಮಲಗಿಸಿ ಎಂಬ ಪಾಶ್ಚಾತ್ಯ ಉಪದೇಶ ನಮ್ಮ ಮನೆಗಳಿಗೆ ಅಷ್ಟಾಗಿ ಹೊಂದದು, ಹೊಂದಬೇಕಾಗಿಯೂ ಇಲ್ಲ. ಅಮ್ಮ ಬೆಳಗಿನವರೆಗೆ ಪಕ್ಕದಲ್ಲೇ ಮಲಗುವುದಾದರೆ ತೊಡಕಿಲ್ಲ. ತೊಡಕಿರುವುದು ನಿದ್ದೆ ಹತ್ತಿದ ಮೇಲೆ ಮಗುವಿನ ಬೆರಳಿನಿಂದ ಸೆರಗು ಬಿಡಿಸಿಕೊಂಡು, ಬಳೆ ಸದ್ದಾಗದಂತೆ ಎದ್ದು, ಅಡುಗೆಮನೆಯ ಪಾತ್ರೆ ತೊಳೆಯಲು ಹೋಗುವುದರಲ್ಲಿ. ಪಾತ್ರೆಯ ಕೆಲಸ ಮೊದಲೇ ಮುಗಿಯಲಿ, ಅಪ್ಪನಿಗೂ ಕೈಗಳಿವೆ.