ಹೊಟ್ಟೆ ಕಿರಿದಾಯಿತು, ಬಾಯಿ ಚಪಲ?

ಹೀಗೊಂದು ಸಂದರ್ಭವನ್ನು ಊಹಿಸಿಕೊಳ್ಳಿ. ಲೋಂಡಾದ ನಲವತ್ತೈದು ವರ್ಷದ ಗೃಹಿಣಿಯೊಬ್ಬರಿಗೆ ಬೊಜ್ಜು ಇಳಿಸುವ ಶಸ್ತ್ರಚಿಕಿತ್ಸೆ ಆಗಿ ಮೂರು ತಿಂಗಳಾಗಿದೆ. ತೂಕ ಇಳಿಯುತ್ತಿದೆ, ಮೊಣಕಾಲು ನೋವು ತಗ್ಗಿದೆ. ಖಾನಾಪುರದಲ್ಲಿ ನೆಂಟರ ಮನೆಯ ಮದುವೆ. "ಒಂದೇ ಒಂದು ಚಮಚ ತಗೋರಿ, ಏನೂ ಆಗೂದಿಲ್ಲ" ಎಂದು ಒತ್ತಾಯ ಮಾಡಿ ಕುಂದಾ ಬಡಿಸುತ್ತಾರೆ. ಒಂದು ಚಮಚ ಮೂರಾಗುತ್ತದೆ. ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ಎದೆ ಡವಡವ ಹೊಡೆದುಕೊಳ್ಳುತ್ತದೆ. ಮೈಯೆಲ್ಲ ಬೆವರು, ಹೊಟ್ಟೆ ನುಲಿತ, ತಲೆಸುತ್ತು. ಮನೆಯವರಿಗೆಲ್ಲ ಗಾಬರಿ. ಹೃದಯದ ತೊಂದರೆಯೇ? ಯಾರದಾದರೂ ದೃಷ್ಟಿ ತಾಗಿತೇ?

ಹೆಚ್ಚಿನ ವೇಳೆ ಎರಡೂ ಅಲ್ಲ. ಆ ಮೂರು ಚಮಚ ಸಿಹಿಯೇ ಕಾರಣ. ವೈದ್ಯರು ಇದನ್ನು 'ಡಂಪಿಂಗ್' ಎನ್ನುತ್ತಾರೆ. (ಎದೆನೋವು ಬಂದರೆ ಮಾತ್ರ ನೀವೇ ತೀರ್ಮಾನಕ್ಕೆ ಬರದೆ ತಕ್ಷಣ ವೈದ್ಯರಿಗೆ ತೋರಿಸಿ.)

ಹೊಟ್ಟೆಯೊಳಗೆ ಏನಾಗುತ್ತದೆ?

ಬೊಜ್ಜಿಗೆ ಮಾಡುವ ಶಸ್ತ್ರಚಿಕಿತ್ಸೆಗಳಲ್ಲಿ ಮುಖ್ಯವಾದವು ಎರಡು. 'ಸ್ಲೀವ್' ವಿಧಾನದಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಬಾಳೆಹಣ್ಣಿನಾಕಾರದ ಕೊಳವೆಯಂತೆ ಮಾಡುತ್ತಾರೆ. 'ಬೈಪಾಸ್' ವಿಧಾನದಲ್ಲಿ ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿಲಿಲೀಟರಿನ ಪುಟ್ಟ ಚೀಲ ಮಾಡಿ, ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ.

ಸಾಮಾನ್ಯವಾಗಿ ಜಠರದ ಕೆಳಬಾಯಿಯಲ್ಲಿರುವ ಸ್ನಾಯುವಿನ ಕವಾಟವು ಆಹಾರವನ್ನು ಸ್ವಲ್ಪ ಸ್ವಲ್ಪವಾಗಿ ಕರುಳಿಗೆ ಬಿಡುತ್ತದೆ. ಬೈಪಾಸ್ ಆದವರಲ್ಲಿ ಆಹಾರ ಈ ಕಾವಲುಗಾರನನ್ನು ದಾಟಿ ಹೋಗುವುದೇ ಇಲ್ಲ. ತಿಂದ ಸಕ್ಕರೆ ಒಮ್ಮೆಲೇ ಕರುಳಿಗೆ ಸುರಿಯುತ್ತದೆ. ಸಕ್ಕರೆ ನೀರನ್ನು ಎಳೆಯುವ ಗುಣದ್ದು. ರಕ್ತದಲ್ಲಿನ ನೀರು ಕರುಳಿಗೆ ಇಳಿಯುತ್ತದೆ, ಕರುಳಿನ ಹಾರ್ಮೋನುಗಳು ಉಕ್ಕುತ್ತವೆ. ಬೆವರು, ಎದೆಬಡಿತ, ಭೇದಿ ಇವೆಲ್ಲ ಅದರ ಫಲ. ಇದು ತಿಂದ 10ರಿಂದ 30 ನಿಮಿಷದೊಳಗೆ ಕಾಣಿಸಿಕೊಳ್ಳುತ್ತದೆ.

ಇನ್ನೊಂದು ಬಗೆ ತಡವಾಗಿ, ಅಂದರೆ ತಿಂದ 1ರಿಂದ 3 ಗಂಟೆಯ ನಂತರ ಬರುತ್ತದೆ. ಒಮ್ಮೆಲೇ ರಕ್ತಕ್ಕೆ ಸೇರಿದ ಸಕ್ಕರೆಯನ್ನು ಎದುರಿಸಲು ಶರೀರ ಬೇಕಾದುದಕ್ಕಿಂತ ಹೆಚ್ಚು ಇನ್ಸುಲಿನ್ ಸುರಿಸುತ್ತದೆ. ಆಗ ರಕ್ತದ ಸಕ್ಕರೆ ತೀರ ಕುಸಿದು ಕೈ ನಡುಗುತ್ತದೆ, ಕಣ್ಣು ಕತ್ತಲೆ ಬರುತ್ತದೆ, ಕೆಲವೊಮ್ಮೆ ಎಚ್ಚರವೂ ತಪ್ಪುತ್ತದೆ. ಶಸ್ತ್ರಚಿಕಿತ್ಸೆಯಾಗಿ ವರ್ಷ ಕಳೆದ ಮೇಲೂ ಇದು ಶುರುವಾಗಬಹುದು. ಸ್ಲೀವ್ ಆದವರಲ್ಲಿ ಕವಾಟ ಉಳಿದಿರುವುದರಿಂದ ಡಂಪಿಂಗ್ ಕಡಿಮೆ. ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ.

ಏನೂ ಆಗದವರಿಗೇ ಅಪಾಯ ಹೆಚ್ಚು

'ನನಗೆ ಸಿಹಿ ತಿಂದರೆ ಏನೂ ಆಗುವುದಿಲ್ಲ' ಎನ್ನುವವರೂ ಇದ್ದಾರೆ. ಇವರೇ ಹೆಚ್ಚು ಎಚ್ಚರದಿಂದಿರಬೇಕು, ಏಕೆಂದರೆ ಇವರಿಗೆ ಎಚ್ಚರಿಕೆಯ ಗಂಟೆ ಬಾರಿಸುವುದೇ ಇಲ್ಲ. ಒಂದು ರೊಟ್ಟಿ, ಒಂದು ಬಟ್ಟಲು ಕಾಳುಪಲ್ಯ ಪುಟ್ಟ ಜಠರವನ್ನು ಬೇಗ ತುಂಬಿ 'ಸಾಕು' ಎನಿಸುತ್ತವೆ. ಐಸ್‌ಕ್ರೀಮ್, ಬಾಸುಂದಿ, ಹಣ್ಣಿನ ರಸ, ಸಿಹಿ ಚಹಾ ಹಾಗಲ್ಲ. ಅವು ತಡೆಯಿಲ್ಲದೆ ಜಾರಿಹೋಗುತ್ತವೆ, ಹೊಟ್ಟೆ ತುಂಬಿತೆಂದು ಅನಿಸುವುದಿಲ್ಲ.

ಲೆಕ್ಕ ಹಾಕಿ ನೋಡಿ. ದಿನಕ್ಕೆ ಐದು ಕಪ್ ಚಹಾ, ಕಪ್ಪಿಗೆ ಎರಡು ಚಮಚ ಸಕ್ಕರೆ ಎಂದರೆ 50 ಗ್ರಾಂ, ಅಂದರೆ 200 ಕ್ಯಾಲೊರಿ. ಮೊದಲ ತಿಂಗಳುಗಳಲ್ಲಿ ದಿನದ ಊಟವೇ ಸುಮಾರು 1000 ಕ್ಯಾಲೊರಿ ಇರುವಾಗ, ಐದರಲ್ಲೊಂದು ಪಾಲು ಚಹಾದ ಸಕ್ಕರೆಗೇ ಹೋಯಿತು!

'ಸಕ್ಕರೆ ಬೇಡ, ಬೆಲ್ಲವಾದರೆ ನಡೆಯುತ್ತದೆ' ಎಂಬ ಮಾತು ಕಬ್ಬಿನ ನಾಡಾದ ಬೆಳಗಾವಿ ಜಿಲ್ಲೆಯಲ್ಲಿ ಸಹಜ. ಆದರೆ ಕರುಳಿಗೆ ಈ ಭೇದ ತಿಳಿಯದು. ಬೆಲ್ಲ, ಜೇನು, ಕಬ್ಬಿನಹಾಲು ಎಲ್ಲವೂ ಸಕ್ಕರೆಯೇ.

ಸಕ್ಕರೆ ಕಾಯಿಲೆ ಹೋಯಿತೇ?

ಬೈಪಾಸ್ ಮಾಡಿಸಿಕೊಂಡ ಮಧುಮೇಹಿಗಳಲ್ಲಿ ಬಹುಪಾಲು ಜನರ ರಕ್ತದ ಸಕ್ಕರೆ ಹತೋಟಿಗೆ ಬಂದುದನ್ನು ಅಮೆರಿಕದ ಶಸ್ತ್ರವೈದ್ಯ ವಾಲ್ಟರ್ ಪೊರೀಸ್ ಮತ್ತು ಸಂಗಡಿಗರು 1995ರಲ್ಲಿ ವರದಿ ಮಾಡಿದರು. ಇದು ನಿಜವಾದ ವರ. ಆದರೆ ಹತೋಟಿಗೆ ಬಂದ ಕಾಯಿಲೆ ತೂಕ ಮರಳಿದರೆ ಮತ್ತೆ ತಲೆ ಎತ್ತಬಹುದು. ಇನ್ನೊಂದು ಮಾತು: ಶಸ್ತ್ರಚಿಕಿತ್ಸೆಯ ನಂತರ ಇನ್ಸುಲಿನ್ ಮತ್ತು ಮಾತ್ರೆಗಳ ಅಗತ್ಯ ಬೇಗನೆ ಕಡಿಮೆಯಾಗುವುದುಂಟು. ಹಳೆಯ ಪ್ರಮಾಣವನ್ನೇ ಮುಂದುವರಿಸಬೇಡಿ, ತಾವಾಗಿಯೇ ನಿಲ್ಲಿಸಲೂ ಬೇಡಿ. ವೈದ್ಯರನ್ನು ಕೇಳಿ.

ಹಳೆಯ ರೂಢಿಗಳು

ಮೊದಲ ವರ್ಷ ಹಸಿವು ಕಡಿಮೆ, ತೂಕ ತಾನಾಗಿ ಇಳಿಯುತ್ತದೆ. ಆಮೇಲೆ ಹಸಿವು ನಿಧಾನವಾಗಿ ಮರಳುತ್ತದೆ. ಹೊಸ ರೂಢಿಗಳನ್ನು ಬೆಳೆಸಿಕೊಳ್ಳಲು ಆ ಮೊದಲ ವರ್ಷವೇ ತಕ್ಕ ಕಾಲ.

ನಿಮ್ಮ ರೂಢಿಗಳನ್ನು ನೀವೇ ಗಮನಿಸಿ. ಅನ್ನ ಚೆಲ್ಲಬಾರದೆಂದು ಮಕ್ಕಳ ತಟ್ಟೆಯಲ್ಲಿ ಉಳಿದದ್ದನ್ನು ತಿನ್ನುತ್ತೀರಾ? ದೀಪಾವಳಿ ಫರಾಳದ ಡಬ್ಬಿಗೆ ಹೋಗುತ್ತ ಬರುತ್ತ ಕೈ ಹಾಕುತ್ತೀರಾ? ಬೇಸರವಾದಾಗ ಸಿಹಿ ನೆನಪಾಗುತ್ತದೆಯೇ? ಇದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಶಸ್ತ್ರವೈದ್ಯರು ಬದಲಿಸಿದ್ದು ಜಠರವನ್ನು. ಮನಸ್ಸಿನ ಮೇಲೆ ಅವರ ಕತ್ತರಿ ಆಡಿಲ್ಲ. ಸಿಹಿಯ ಆಸೆ ಬಂದಾಗ ಹತ್ತು ನಿಮಿಷ ಅಂಗಳದಲ್ಲಿ ನಡೆದಾಡಿ. ಬಹಳ ಸಲ ಆಸೆ ತಾನೇ ತಣಿಯುತ್ತದೆ. ಕೆಲವರಲ್ಲಿ ಆಹಾರದ ಚಪಲ ಮದ್ಯದ ಕಡೆ ತಿರುಗುವುದುಂಟು. ಶಸ್ತ್ರಚಿಕಿತ್ಸೆಯಾದವರಿಗೆ ಮದ್ಯ ಬಹಳ ಬೇಗ ಏರುತ್ತದೆ. ಅದರಿಂದ ದೂರವಿರುವುದೇ ಕ್ಷೇಮ.

ತಟ್ಟೆಯಲ್ಲಿ ಏನಿರಬೇಕು?

* ಮೊದಲ ತುತ್ತು ಪ್ರೋಟೀನಿನದಾಗಿರಲಿ: ಹೆಸರುಕಾಳು, ಮಡಿಕೆಕಾಳು, ಝುಣಕ, ಮೊಸರು, ಮೊಟ್ಟೆ, ಮೀನು. ದಿನಕ್ಕೆ 60 ಗ್ರಾಂ ಪ್ರೋಟೀನಾದರೂ ಬೇಕು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಇರುತ್ತದೆ. ಅನ್ನ, ರೊಟ್ಟಿ ಕೊನೆಗೆ.
* ಸಣ್ಣ ತುತ್ತು, ಚೆನ್ನಾಗಿ ಅಗಿದು ತಿನ್ನಿ. ಊಟಕ್ಕೆ 20ರಿಂದ 30 ನಿಮಿಷ ಹಿಡಿಯಲಿ.
* ಊಟದ ಜೊತೆ ನೀರು ಬೇಡ. ಊಟವಾಗಿ ಅರ್ಧ ಗಂಟೆಯ ನಂತರ ಗುಟುಕು ಗುಟುಕಾಗಿ ಕುಡಿಯಿರಿ. ದಿನಕ್ಕೆ ಒಂದೂವರೆ ಲೀಟರಾದರೂ ಆಗಬೇಕು. ಸಿಹಿಯಿಲ್ಲದ ತಿಳಿ ಮಜ್ಜಿಗೆ ಉತ್ತಮ.
* ಚಹಾದ ಸಕ್ಕರೆಯನ್ನು ವಾರಕ್ಕೆ ಅರ್ಧ ಚಮಚದಂತೆ ಇಳಿಸುತ್ತ ಬನ್ನಿ. ನಾಲಗೆ ಒಗ್ಗಿಕೊಳ್ಳುತ್ತದೆ.
* ವೈದ್ಯರು ಬರೆದುಕೊಟ್ಟ ಬಿ-12, ಕಬ್ಬಿಣ, ಕ್ಯಾಲ್ಸಿಯಂ, ಡಿ ಜೀವಸತ್ವಗಳನ್ನು ಆರಾಮವಾಗಿದ್ದೇವೆಂದು ಬಿಡಬೇಡಿ. ಇವು ಜೀವನಪರ್ಯಂತ ಬೇಕು.
* ತಪಾಸಣೆಗೆಂದು ಲೋಂಡಾದಿಂದ ಬೆಳಗಾವಿಗೋ ಹುಬ್ಬಳ್ಳಿಗೋ ರೈಲು ಹತ್ತುವಾಗ ಬೇಯಿಸಿದ ಕಾಳಿನ ಡಬ್ಬಿ ಜೊತೆಗಿರಲಿ. ಹಸಿದ ಹೊಟ್ಟೆಗೆ ನಿಲ್ದಾಣದ ವಡೆ, ಸಿಹಿ ಚಹಾ ಬೇಗ ಕಣ್ಣಿಗೆ ಬೀಳುತ್ತವೆ.

ವಾಂತಿ ನಿಲ್ಲದಿದ್ದರೆ ತಡಮಾಡಬೇಡಿ. ಬಿ-1 ಜೀವಸತ್ವದ ಕೊರತೆಯಾಗಿ ನರಗಳಿಗೆ ಹಾನಿಯಾಗಬಹುದು. ಪದೇ ಪದೇ ಕೈ ನಡುಗಿ ಕಣ್ಣು ಕತ್ತಲೆ ಬಂದರೂ ವೈದ್ಯರನ್ನು ಕಾಣಿ.

ಮನೆಯವರಿಗೆ ಒಂದು ಮಾತು

ನಮ್ಮ ಕಡೆ ಉಪಚಾರವೆಂದರೆ ಒತ್ತಾಯ ಮಾಡಿ ಬಡಿಸುವುದು. ಪ್ರೀತಿಯಿಂದ ಮಾಡುವುದೇ ಆದರೂ, ಇವರ ಪಾಲಿಗೆ ಅದು ಪರೀಕ್ಷೆ. ಅವರು 'ಸಾಕು' ಎಂದಾಗ ಕೈ ಹಿಂತೆಗೆದುಕೊಳ್ಳಿ. ಒಂದು ದಿನ ಅವರು ತಪ್ಪಿ ಲಾಡು ತಿಂದರೆ ಹಂಗಿಸಬೇಡಿ. ಹಂಗಿಸಿದರೆ ಬಚ್ಚಿಟ್ಟು ತಿನ್ನುವ ಅಭ್ಯಾಸ ಬೆಳೆಯುತ್ತದೆ. ಅವರೊಬ್ಬರಿಗೆ ಬೇರೆ ಅಡಿಗೆ ಮಾಡುವ ಬದಲು ಮನೆಮಂದಿಯೆಲ್ಲ ಸಿಹಿ ತಗ್ಗಿಸಿದರೆ ಎಲ್ಲರಿಗೂ ಒಳಿತು.

ಊಟ ಬಲ್ಲವನಿಗೆ ರೋಗವಿಲ್ಲ ಎಂದರು ಹಿರಿಯರು. ಶಸ್ತ್ರಚಿಕಿತ್ಸೆ ಕೊಟ್ಟಿರುವುದು ಊಟವನ್ನು ಮತ್ತೊಮ್ಮೆ ಕಲಿಯುವ ಅವಕಾಶ. ಕಲಿಯಬೇಕಾದವರು ನೀವು, ಕಲಿಸಿಕೊಡಬೇಕಾದದ್ದು ಮನೆ.