ಬೆರಳಚ್ಚು ದೃಢೀಕರಣ: ಗಣಕಯಂತ್ರದ ಹಿನ್ನೆಲೆ ಸೇವೆಗಳು ಮತ್ತು ಸುರಕ್ಷತೆ

ಹೊಸದುರ್ಗ ತಾಲ್ಲೂಕಿನ ಕಸಬಾ, ಮತ್ತೋಡು, ಶ್ರೀರಾಂಪುರ ಹಾಗೂ ಮಾಡದಕೆರೆ ಹೋಬಳಿಗಳ ಸಾರ್ವಜನಿಕರು ಆಧಾರ್ ದೃಢೀಕರಣ ಅಗತ್ಯವಿರುವ ಸೇವೆಗಳನ್ನು ಪಡೆಯುವಾಗ ಸಾಧನದ ಮೇಲೆ ಬೆರಳಿಡಬೇಕಾಗುತ್ತದೆ. ಆ ಬೆರಳಚ್ಚು ನಿರ್ವಾಹಕರ ಗಣಕಯಂತ್ರದಲ್ಲಿ ಉಳಿಯುವುದೇ ಎಂಬ ಸಂದೇಹ ಸಹಜವಾದುದು. ಈ ಕುರಿತ ವಿವರಣೆಯನ್ನು ಅರ್ಜಿದಾರರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಹಿನ್ನೆಲೆ ಸೇವೆ ಎಂದರೇನು?

ಗಣಕಯಂತ್ರ ಚಾಲನೆಗೊಂಡೊಡನೆ ಆರಂಭವಾಗಿ, ಪರದೆಯ ಮೇಲೆ ಕಾಣಿಸದೆ ಕಾರ್ಯನಿರ್ವಹಿಸುವ ತಂತ್ರಾಂಶವೇ ಹಿನ್ನೆಲೆ ಸೇವೆ. ಇದಕ್ಕೆ ಅನೇಕ ವೇಳೆ ಸಾಮಾನ್ಯ ಬಳಕೆದಾರರಿಗಿಂತ ಹೆಚ್ಚಿನ ಅಧಿಕಾರವಿರುತ್ತದೆ. ವಿಂಡೋಸ್‌ನ ಹಳೆಯ ಆವೃತ್ತಿಗಳಲ್ಲಿ ಇಂತಹ ಸೇವೆಗಳು ಬಳಕೆದಾರರ ಪರದೆಯ ಮೇಲೆಯೇ ಕಿಟಕಿ ತೆರೆಯಬಹುದಾಗಿತ್ತು. ಅದೇ ಪರದೆಯಲ್ಲಿರುವ ದುರುದ್ದೇಶದ ತಂತ್ರಾಂಶವು ಆ ಕಿಟಕಿಗೆ ಸಂದೇಶ ಕಳುಹಿಸಿ ಸೇವೆಯ ಅಧಿಕಾರವನ್ನು ದುರುಪಯೋಗಪಡಿಸಿಕೊಳ್ಳಬಹುದೆಂಬುದು 2002ರಲ್ಲಿ ಬಹಿರಂಗವಾಯಿತು. 2007ರಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ತಾದಿಂದ ಮೊದಲ್ಗೊಂಡು ಸೇವೆಗಳನ್ನು ‘ಸೆಷನ್ 0’ ಎಂಬ ಪ್ರತ್ಯೇಕ ವಲಯದಲ್ಲಿ ಇರಿಸಲಾಗಿದೆ. ಅರ್ಜಿದಾರರು ದಫ್ತರ ಕೊಠಡಿಯನ್ನು ಪ್ರವೇಶಿಸದೆ ಕಿಂಡಿಯ ಮೂಲಕ ಅರ್ಜಿ ನೀಡುವಂತೆ, ಪರದೆಯ ತಂತ್ರಾಂಶವು ನಿಗದಿತ ಮಾರ್ಗದಲ್ಲಿ ಮಾತ್ರ ಸೇವೆಯನ್ನು ಕೋರಬೇಕು.

ಬೆರಳಚ್ಚು ಸಾಗುವ ಬಗೆ

ಭಾರತೀಯ ವಿಶಿಷ್ಟ ಗುರುತು ಪ್ರಾಧಿಕಾರವು 2017ರಲ್ಲಿ ನೋಂದಾಯಿತ ಸಾಧನಗಳ ಬಳಕೆಯನ್ನು ಕಡ್ಡಾಯಗೊಳಿಸಿತು. ಇವುಗಳೊಡನೆ ‘ಆರ್‌ಡಿ ಸರ್ವೀಸ್’ ಎಂಬ ಹಿನ್ನೆಲೆ ಸೇವೆ ಇರುತ್ತದೆ. ಅರ್ಜಿಯ ಪುಟವು ಅದೇ ಗಣಕಯಂತ್ರದೊಳಗಿನ 11100ರಿಂದ 11120ರವರೆಗಿನ ಪೋರ್ಟ್‌ಗಳ ಪೈಕಿ ಒಂದರ ಮೂಲಕ ಈ ಸೇವೆಗೆ ಕೋರಿಕೆ ಸಲ್ಲಿಸುತ್ತದೆ. ಬೆರಳಚ್ಚಿನ ಮಾಹಿತಿಯು ಸಮಯದ ನಮೂದಿನೊಂದಿಗೆ ಗೂಢಲಿಪಿಗೆ ಪರಿವರ್ತನೆಗೊಂಡ ನಂತರವೇ ಪುಟಕ್ಕೆ ದೊರೆಯುತ್ತದೆ. ಅದನ್ನು ಬಿಡಿಸುವ ಕೀಲಿ ಪ್ರಾಧಿಕಾರದ ಬಳಿ ಮಾತ್ರ ಇರುವುದರಿಂದ ನಿರ್ವಾಹಕರು ಅದನ್ನು ಓದಲಾಗದು.

ಅರ್ಜಿದಾರರು ಗಮನಿಸಬೇಕಾದ ಅಂಶಗಳು

1. ಯಾವ ಸೇವೆಗಾಗಿ ಬೆರಳಚ್ಚು ಪಡೆಯಲಾಗುತ್ತಿದೆ ಎಂಬುದನ್ನು ತಿಳಿದ ನಂತರವೇ ಬೆರಳಿಡತಕ್ಕದ್ದು. ಮತ್ತೊಮ್ಮೆ ಕೋರಿದಲ್ಲಿ ಪರದೆಯ ಮೇಲಿನ ಫಲಿತಾಂಶವನ್ನು ತೋರಿಸುವಂತೆ ಕೇಳಬಹುದು.

2. ಮೇಲ್ಕಂಡ ರಕ್ಷಣೆಯು ಕಾಗದದ ಮೇಲಿನ ಹೆಬ್ಬೆಟ್ಟಿಗೆ ಅನ್ವಯಿಸುವುದಿಲ್ಲ. ನೋಂದಾಯಿತ ಪತ್ರಗಳಲ್ಲಿನ ಬೆರಳಚ್ಚನ್ನು ನಕಲು ಮಾಡಿ ಬ್ಯಾಂಕ್ ಖಾತೆಗಳಿಂದ ಹಣ ತೆಗೆದ ಪ್ರಕರಣಗಳು 2023ರಲ್ಲಿ ಕರ್ನಾಟಕದಲ್ಲಿಯೂ ವರದಿಯಾಗಿವೆ. ಆದ್ದರಿಂದ ಇಂತಹ ಪತ್ರಗಳ ಪ್ರತಿಗಳನ್ನು ಅಪರಿಚಿತರಿಗೆ ನೀಡಬಾರದು.

3. ಆಧಾರ್ ಜಾಲತಾಣದಲ್ಲಿ ಬಯೋಮೆಟ್ರಿಕ್ ಲಾಕ್ ಮಾಡುವ ಸೌಲಭ್ಯವಿದೆ. ಲಾಕ್ ಮಾಡಿದವರು ಬೆರಳಚ್ಚು ನೀಡುವ ಮುನ್ನ ಅದನ್ನು ತೆರೆಯತಕ್ಕದ್ದು; ಇಲ್ಲವಾದಲ್ಲಿ ದೃಢೀಕರಣ ವಿಫಲವಾಗುತ್ತದೆ.

4. ಆಧಾರ್ ಸಂಬಂಧಿತ ಮಾಹಿತಿಗೆ 1947, ಹಣ ವಂಚನೆಯಾದಲ್ಲಿ ವಿಳಂಬವಿಲ್ಲದೆ 1930 ಸಂಖ್ಯೆಗೆ ಕರೆ ಮಾಡಬಹುದು.